ಮಾತು ಮನೆ ಕೆಡಿಸಿತು: 1946ರ ಆ ಮೂವತ್ತೇಳು ದಿನಗಳು

ಹತ್ತನೆಯ ತರಗತಿಯ ಮಕ್ಕಳಿಗೆ ಸ್ವಾತಂತ್ರ್ಯ ಹೋರಾಟದ ಕೊನೆಯ ಅಧ್ಯಾಯವನ್ನು ಬೋಧಿಸುವಾಗ ನಾನು ಪ್ರತಿ ವರ್ಷವೂ ತಪ್ಪದೆ ಒಂದು ವಾಕ್ಯವನ್ನು ಹೇಳುತ್ತಿದ್ದೆ. “1946ರ ಜುಲೈ 10ರಂದು ನೆಹರೂ ಅವರು ಬಾಯಿ ಬಿಗಿಹಿಡಿದಿದ್ದರೆ ಈ ದೇಶ ಒಡೆಯುತ್ತಿರಲಿಲ್ಲ.” ಈ ವಾಕ್ಯ ಬಂದೊಡನೆ ತೂಕಡಿಸುತ್ತಿದ್ದ ಹುಡುಗರೂ ನೆಟ್ಟಗೆ ಕುಳಿತುಕೊಳ್ಳುತ್ತಿದ್ದರು. ಪಾಠಕ್ಕೆ ಕಳೆ ಬಂತೆಂದು ನನಗೆ ಒಳಗೊಳಗೇ ಸಂತೋಷವಾಗುತ್ತಿತ್ತು. ಒಂದು ವರ್ಷ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತು, “ಸಾರ್, ಒಂದು ಮಾತಿಗೆ ಅಷ್ಟು ಜನ ಸತ್ತರೇ? ಹಾಗಾದರೆ ಕೊಂದವರದ್ದು ತಪ್ಪಿಲ್ಲವೇ?” ಎಂದು ಕೇಳಿದಳು. ಗಂಟೆ ಹೊಡೆಯುವ ಹೊತ್ತು. “ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ” ಎಂದುಬಿಟ್ಟೆ.

ನಿವೃತ್ತನಾದ ಮೇಲೆ ಓದಲು ಬಿಡುವು ದೊರೆತಂತೆಲ್ಲ ಆ ಪ್ರಶ್ನೆ ಮತ್ತೆ ಮತ್ತೆ ಕಾಡತೊಡಗಿತು. ನಾಯಕರ ಹೊಣೆಗೇಡಿ ಮಾತುಗಳ ಬಗ್ಗೆ ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದ ನಾನೇ, ಚಪ್ಪಾಳೆಯ ಆಸೆಗೆ ಒಂದು ಅರೆಸತ್ಯವನ್ನು ವರ್ಷಗಟ್ಟಲೆ ಹೇಳಿದೆನಲ್ಲ ಎಂಬ ಸಂಕೋಚವೂ ಜೊತೆಗೂಡಿತು. ಆದ್ದರಿಂದ ಆ ಪಾಠವನ್ನು ಇಲ್ಲಿ ಇನ್ನೊಮ್ಮೆ ಮಾಡುತ್ತಿದ್ದೇನೆ. ಈ ಸಲ ಗಂಟೆ ಹೊಡೆಯುವ ಭಯವಿಲ್ಲ.

ಮೊದಲು ಹಿನ್ನೆಲೆಯನ್ನು ನೆನಪಿಸಿಕೊಳ್ಳೋಣ. ಎರಡನೆಯ ಮಹಾಯುದ್ಧ ಮುಗಿದು, ಇಂಗ್ಲೆಂಡಿನಲ್ಲಿ ಅಟ್ಲಿಯವರ ಕಾರ್ಮಿಕ ಪಕ್ಷದ ಸರ್ಕಾರ ಬಂದಿತ್ತು. ಭಾರತವನ್ನು ಬಿಟ್ಟು ಹೋಗುವುದೆಂದು ಅವರು ಮನಸ್ಸು ಮಾಡಿದ್ದರು. ಯಾರ ಕೈಗೆ ಒಪ್ಪಿಸಿ ಹೋಗುವುದು ಎಂಬುದೇ ಪ್ರಶ್ನೆಯಾಗಿತ್ತು. 1945-46ರ ಚುನಾವಣೆಯಲ್ಲಿ ಕೇಂದ್ರ ಶಾಸನಸಭೆಯ ಮುಸ್ಲಿಂ ಮೀಸಲು ಸ್ಥಾನಗಳು 30ಕ್ಕೆ 30ನ್ನೂ ಮುಸ್ಲಿಂ ಲೀಗ್ ಗೆದ್ದುಕೊಂಡಿತ್ತು. ಸಾಮಾನ್ಯ ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಎದುರಿರಲಿಲ್ಲ. ಇಬ್ಬರನ್ನೂ ಒಂದೇ ಚಾವಣಿಯ ಕೆಳಗೆ ಕೂರಿಸುವ ದಾರಿ ಹುಡುಕಲು 1946ರ ಮಾರ್ಚ್ ತಿಂಗಳಲ್ಲಿ ಮೂವರು ಬ್ರಿಟಿಷ್ ಮಂತ್ರಿಗಳು ದೆಹಲಿಗೆ ಬಂದರು: ಲಾರ್ಡ್ ಪೆಥಿಕ್ ಲಾರೆನ್ಸ್, ಸರ್ ಸ್ಟಾಫರ್ಡ್ ಕ್ರಿಪ್ಸ್ ಮತ್ತು ಎ. ವಿ. ಅಲೆಕ್ಸಾಂಡರ್. ಇದನ್ನೇ ನಮ್ಮ ಪಠ್ಯಪುಸ್ತಕಗಳು ಕ್ಯಾಬಿನೆಟ್ ನಿಯೋಗವೆಂದು ಕರೆಯುತ್ತವೆ.

ಮೇ 16ರಂದು ಅವರು ಮುಂದಿಟ್ಟ ಯೋಜನೆ ಒಂದು ಮೂರಂತಸ್ತಿನ ಮನೆಯಂತಿತ್ತು. ಮೇಲಿನ ಅಂತಸ್ತಿನಲ್ಲಿ ಅಖಂಡ ಭಾರತದ ಒಕ್ಕೂಟ. ಅದರ ಕೈಯಲ್ಲಿ ರಕ್ಷಣೆ, ವಿದೇಶಾಂಗ ವ್ಯವಹಾರ ಮತ್ತು ಸಂಪರ್ಕ ಎಂಬ ಮೂರೇ ವಿಷಯಗಳು. ಕೆಳಗಿನ ಅಂತಸ್ತಿನಲ್ಲಿ ಪ್ರಾಂತ್ಯಗಳು. ಉಳಿದ ಅಧಿಕಾರವೆಲ್ಲ ಅವುಗಳಿಗೆ. ನಡುವಿನ ಅಂತಸ್ತಿನಲ್ಲಿ ಪ್ರಾಂತ್ಯಗಳ ಮೂರು ಗುಂಪುಗಳು. ‘ಎ’ ಗುಂಪಿನಲ್ಲಿ ಮದರಾಸು, ಮುಂಬಯಿ, ಸಂಯುಕ್ತ ಪ್ರಾಂತ್ಯ, ಬಿಹಾರ, ಮಧ್ಯ ಪ್ರಾಂತ್ಯ ಮತ್ತು ಒರಿಸ್ಸಾ. ‘ಬಿ’ ಗುಂಪಿನಲ್ಲಿ ಪಂಜಾಬ್, ಸಿಂಧ್ ಮತ್ತು ವಾಯವ್ಯ ಗಡಿ ಪ್ರಾಂತ್ಯ. ‘ಸಿ’ ಗುಂಪಿನಲ್ಲಿ ಬಂಗಾಳ ಮತ್ತು ಅಸ್ಸಾಂ. ನಮ್ಮ ಕನ್ನಡ ಜಿಲ್ಲೆಗಳ ಪೈಕಿ ಧಾರವಾಡ, ಬೆಳಗಾವಿ, ಬಿಜಾಪುರ ಮತ್ತು ಉತ್ತರ ಕನ್ನಡಗಳು ಮುಂಬಯಿ ಪ್ರಾಂತ್ಯದ ಮೂಲಕವೂ, ದಕ್ಷಿಣ ಕನ್ನಡ ಮತ್ತು ಬಳ್ಳಾರಿಗಳು ಮದರಾಸಿನ ಮೂಲಕವೂ ‘ಎ’ ಗುಂಪಿಗೆ ಸೇರುತ್ತಿದ್ದವು. ಕೊಡಗಿಗೆ ಸಂವಿಧಾನ ರಚನಾ ಸಭೆಯಲ್ಲಿ ಪ್ರತ್ಯೇಕವಾಗಿ ಒಂದು ಸ್ಥಾನವಿತ್ತು. ಮೈಸೂರು ಮತ್ತು ಹೈದರಾಬಾದುಗಳು ಸಂಸ್ಥಾನಗಳಾದುದರಿಂದ ಅವುಗಳ ಲೆಕ್ಕ ಬೇರೆ.

ಜೂನ್ 6ರಂದು ಮುಸ್ಲಿಂ ಲೀಗಿನ ಕೌನ್ಸಿಲ್ ಈ ಯೋಜನೆಯನ್ನು ಒಪ್ಪಿಕೊಂಡಿತು. 1940ರ ಲಾಹೋರ್ ನಿರ್ಣಯದಿಂದಲೂ ಪ್ರತ್ಯೇಕ ರಾಷ್ಟ್ರವನ್ನು ಕೇಳುತ್ತಿದ್ದ ಜಿನ್ನಾ ಅವರು ಒಕ್ಕೂಟದೊಳಗೆ ಇರಲು, ತತ್ಕಾಲಕ್ಕಾದರೂ, ತಲೆಯಾಡಿಸಿದ್ದು ಸಣ್ಣ ಸಂಗತಿಯಲ್ಲ. ಜೂನ್ 25ರಂದು ಕಾಂಗ್ರೆಸ್ ಕಾರ್ಯಕಾರಿ ಸಮಿತಿಯೂ ಸಂವಿಧಾನ ರಚನೆಯ ದೀರ್ಘಾವಧಿ ಯೋಜನೆಯನ್ನು ಸ್ವೀಕರಿಸಿತು. ನಿಯೋಗದ ಮಂತ್ರಿಗಳು ಜೂನ್ ಕೊನೆಯಲ್ಲಿ ವಿಮಾನವೇರಿದರು.

ಆದರೆ ಇಲ್ಲಿಯೇ ಒಂದು ಸೂಕ್ಷ್ಮವಿದೆ. ನಾನು ತರಗತಿಯಲ್ಲಿ ಅದನ್ನು ಹೇಳಿರಲಿಲ್ಲ. ಇಬ್ಬರೂ ಒಪ್ಪಿದ್ದು ಒಂದೇ ಕಾಗದವನ್ನು, ಓದಿಕೊಂಡಿದ್ದು ಎರಡು ಬಗೆಯಲ್ಲಿ. ಗುಂಪು ಸೇರುವುದು ಕಡ್ಡಾಯ, ಅದರಲ್ಲಿಯೇ ಪಾಕಿಸ್ತಾನದ ಬೀಜವಿದೆ ಎಂದು ಲೀಗ್ ಓದಿಕೊಂಡಿತು. ಗುಂಪು ಸೇರುವುದು, ಬಿಡುವುದು ಆಯಾ ಪ್ರಾಂತ್ಯದ ಇಷ್ಟ ಎಂದು ಕಾಂಗ್ರೆಸ್ ಓದಿಕೊಂಡಿತು. ಯೋಜನೆಯ ಭಾಷೆಯೂ ಇಬ್ಬರಿಗೂ ಎಡೆ ಕೊಡುವಂತಿತ್ತು. ಕಾಂಗ್ರೆಸ್ಸಿನ ಆತಂಕ ಹುರುಳಿಲ್ಲದ್ದೇನೂ ಅಲ್ಲ. ‘ಸಿ’ ಗುಂಪಿನ 70 ಪ್ರತಿನಿಧಿಗಳಲ್ಲಿ ಬಂಗಾಳದವರು 60, ಅಸ್ಸಾಮಿನವರು ಕೇವಲ 10. ತಮ್ಮ ಪ್ರಾಂತ್ಯದ ಹಣೆಬರಹವನ್ನು ಬಂಗಾಳದವರು ಬರೆಯುತ್ತಾರೆಂದು ಅಸ್ಸಾಮಿನ ಗೋಪಿನಾಥ ಬರ್ದೊಲೈ ಅವರು ಪ್ರತಿಭಟಿಸಿದ್ದು ನ್ಯಾಯವೇ. ಗಾಂಧೀಜಿ ಅವರ ಬೆಂಬಲಕ್ಕಿದ್ದರು.

ಹೀಗೆ ಆ ಮೂರಂತಸ್ತಿನ ಮನೆ ನಿಂತಿದ್ದು ಒಪ್ಪಂದದ ಮೇಲಷ್ಟೇ ಅಲ್ಲ, ಕೆಲವು ವಿಷಯಗಳನ್ನು ಯಾರೂ ಬಾಯಿಬಿಟ್ಟು ಹೇಳದೆ ಇದ್ದುದರ ಮೇಲೆ. ಕೂಡು ಕುಟುಂಬದಲ್ಲಿ ಬೆಳೆದವರಿಗೆ ಇದು ಅರ್ಥವಾಗುತ್ತದೆ. ಅಣ್ಣತಮ್ಮಂದಿರ ನಡುವೆ ಹೊಲದ ಬದುವಿನ ವಿಚಾರ ಇತ್ಯರ್ಥವಾಗದೆ ಇರುತ್ತದೆ. ಇಬ್ಬರಿಗೂ ಅದು ಗೊತ್ತು. ಮನೆಯಲ್ಲಿ ಮಗಳ ಮದುವೆಯಾಗುವವರೆಗೆ ಇಬ್ಬರೂ ಆ ಮಾತೆತ್ತುವುದಿಲ್ಲ. ಅದು ಸುಳ್ಳಲ್ಲ, ಮೋಸವೂ ಅಲ್ಲ. ಕಾಲ ಕೂಡಿಬರಲೆಂದು ಕಾಯುವ ತಾಳ್ಮೆ.

ಆ ತಾಳ್ಮೆ ಜುಲೈ 10ರಂದು ಮುಂಬಯಿಯಲ್ಲಿ ತಪ್ಪಿತು. ಮೌಲಾನಾ ಆಜಾದರಿಂದ ನೆಹರೂ ಅವರು ಕಾಂಗ್ರೆಸ್ ಅಧ್ಯಕ್ಷತೆಯನ್ನು ವಹಿಸಿಕೊಂಡು ಒಂದು ವಾರವೂ ಆಗಿರಲಿಲ್ಲ. ಜುಲೈ 6 ಮತ್ತು 7ರಂದು ಮುಂಬಯಿಯಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿಯಲ್ಲಿ ಸಮಾಜವಾದಿಗಳು ಈ ಯೋಜನೆಯನ್ನು ಬ್ರಿಟಿಷರ ಬಲೆಯೆಂದು ಕರೆದು ಬಲವಾಗಿ ವಿರೋಧಿಸಿದ್ದರು. ಅವರೆಲ್ಲ ನೆಹರೂ ಅವರ ಮೆಚ್ಚಿನ ಕಿರಿಯರು. ಅವರನ್ನು ಸಮಾಧಾನಪಡಿಸುವ ಭರದಲ್ಲಿ, ನಾವು ಸಂವಿಧಾನ ಸಭೆಗೆ ಹೋಗುತ್ತೇವೆಂದು ತೀರ್ಮಾನಿಸಿದ್ದೇವೆ, ಅದಲ್ಲದೆ ಬೇರೆ ಯಾವುದಕ್ಕೂ ನಾವು ಬದ್ಧರಲ್ಲ ಎಂಬರ್ಥದ ಮಾತನ್ನು ನೆಹರೂ ಅಲ್ಲಿಯೇ ಆಡಿದ್ದರು. ಅದೇ ಧಾಟಿ 10ನೆಯ ತಾರೀಖಿನ ಪತ್ರಿಕಾಗೋಷ್ಠಿಯಲ್ಲಿಯೂ ಮುಂದುವರಿಯಿತು. ಕಾಂಗ್ರೆಸ್ ಯಾವ ಕಟ್ಟುಪಾಡೂ ಇಲ್ಲದೆ ಸಂವಿಧಾನ ಸಭೆಯನ್ನು ಪ್ರವೇಶಿಸುತ್ತದೆ, ಸಂದರ್ಭ ಬಂದಂತೆ ನಡೆದುಕೊಳ್ಳಲು ಸ್ವತಂತ್ರವಾಗಿದೆ ಎಂದರು. ಹಾಗಾದರೆ ಯೋಜನೆಯನ್ನು ಬದಲಿಸಬಹುದೇ ಎಂದು ಪತ್ರಕರ್ತರು ಕೆದಕಿದರು. ನೆಹರೂ ಹಿಂದೆ ಸರಿಯಲಿಲ್ಲ. ಅಷ್ಟಕ್ಕೇ ನಿಲ್ಲದೆ, ಗುಂಪುಗಳು ಬಹುಶಃ ರಚನೆಯಾಗುವುದೇ ಇಲ್ಲ. ವಾಯವ್ಯ ಗಡಿ ಪ್ರಾಂತ್ಯವೂ ಅಸ್ಸಾಮೂ ಒಪ್ಪುವುದಿಲ್ಲ ಎಂದು ಭವಿಷ್ಯವನ್ನೂ ನುಡಿದರು.

ಇದರಲ್ಲಿ ಸುಳ್ಳು ಯಾವುದು? ಯಾವುದೂ ಇಲ್ಲ. ಸಂವಿಧಾನ ಸಭೆ ಸಾರ್ವಭೌಮವಾಗಿರಬೇಕೆಂಬುದು ತತ್ತ್ವದ ದೃಷ್ಟಿಯಿಂದ ಸರಿಯಾದ ಮಾತೇ. ಆದರೆ ಆಗಷ್ಟೇ ನಡೆಯುತ್ತಿದ್ದ ಚುನಾವಣೆಯಲ್ಲಿ ಬ್ರಿಟಿಷ್ ಭಾರತದ 296 ಸ್ಥಾನಗಳ ಪೈಕಿ ಕಾಂಗ್ರೆಸ್ಸಿಗೆ 208, ಲೀಗಿಗೆ 73 ಸ್ಥಾನಗಳು ದೊರೆತವೆಂಬುದನ್ನು ನೆನಪಿಡಿ. 73 ಸ್ಥಾನದವನ ಕಿವಿಗೆ ಈ ಮಾತು ಹೇಗೆ ಕೇಳಿಸೀತು? “ಒಳಗೆ ಬನ್ನಿ, ಆಮೇಲೆ ನೋಡಿಕೊಳ್ಳುತ್ತೇವೆ” ಎಂದೇ ಕೇಳಿಸುತ್ತದೆ. ನಾಯಕನಾದವನು ತನ್ನವರನ್ನು ಸಮಾಧಾನಪಡಿಸಲು ಆಡುವ ಮಾತನ್ನು ತನ್ನವರಷ್ಟೇ ಕೇಳಿಸಿಕೊಳ್ಳುವುದಿಲ್ಲ. ಪಕ್ಕದ ಮನೆಯವರೂ ಗೋಡೆಗೆ ಕಿವಿಗೊಟ್ಟಿರುತ್ತಾರೆ.

ಈ ಮಾತಿನಿಂದಾದ ಅನರ್ಥವನ್ನು ಮೊದಲು ಗುರುತಿಸಿದವರು ನೆಹರೂ ಅವರ ವಿರೋಧಿಗಳಲ್ಲ, ಸಂಗಡಿಗರೇ. ಸರ್ದಾರ್ ಪಟೇಲರು ಜುಲೈ 29ರಂದು ಮಧ್ಯ ಪ್ರಾಂತ್ಯದ ದ್ವಾರಕಾ ಪ್ರಸಾದ ಮಿಶ್ರರಿಗೆ ಬರೆದ ಪತ್ರದಲ್ಲಿ, ನೆಹರೂ ಮಗುವಿನಂಥ ಮುಗ್ಧತೆಯಿಂದ ಭಾವಾವೇಶಕ್ಕೊಳಗಾಗಿ ನಡೆದುಕೊಳ್ಳುತ್ತಾರೆ, ಅದನ್ನು ಸರಿಪಡಿಸುವುದು ನಮಗೆ ಕಷ್ಟವಾಗುತ್ತದೆ ಎಂಬ ಭಾವದಲ್ಲಿ ನೊಂದುಕೊಂಡರು. ಆಜಾದರ ಆತ್ಮಕಥನ ‘ಇಂಡಿಯಾ ವಿನ್ಸ್ ಫ್ರೀಡಂ’ ಅವರು ತೀರಿಕೊಂಡ ಮರುವರ್ಷ, 1959ರಲ್ಲಿ, ಪ್ರಕಟವಾಯಿತು. ಇತಿಹಾಸದ ದಿಕ್ಕನ್ನೇ ಬದಲಿಸಿದ ದುರದೃಷ್ಟಕರ ಘಟನೆಗಳಲ್ಲಿ ಆ ಪತ್ರಿಕಾಗೋಷ್ಠಿಯೂ ಒಂದೆಂಬುದು ಅವರ ಅಭಿಪ್ರಾಯ. ನಾನು ತರಗತಿಯಲ್ಲಿ ಹೇಳುತ್ತಿದ್ದ ವಾಕ್ಯಕ್ಕೆ ಮೂಲ ಆ ಪುಸ್ತಕವೇ. ಪುಸ್ತಕವನ್ನು ಪೂರ್ತಿ ಓದಿದ್ದೆ. ಆದರೆ ಅದರಾಚೆಗೆ ಓದಿರಲಿಲ್ಲ.

ಈಗ ಎರಡನೆಯ ಮಾತಿಗೆ ಬರೋಣ. ಜುಲೈ 27ರಿಂದ 29ರವರೆಗೆ ಅದೇ ಮುಂಬಯಿಯಲ್ಲಿ ಮುಸ್ಲಿಂ ಲೀಗಿನ ಕೌನ್ಸಿಲ್ ಸಭೆ ಸೇರಿತು. ಯೋಜನೆಗೆ ಕೊಟ್ಟಿದ್ದ ಒಪ್ಪಿಗೆಯನ್ನು ಹಿಂತೆಗೆದುಕೊಂಡು ‘ನೇರ ಕಾರ್ಯಾಚರಣೆ’ಯ ನಿರ್ಣಯ ಮಾಡಿತು. ಜಿನ್ನಾ ಅವರು ವಕೀಲಿ ವೃತ್ತಿಯಲ್ಲಿ ಹಣ್ಣಾದವರು. ಬೀದಿ ಚಳವಳಿಯನ್ನು, ಜೈಲು ತುಂಬುವುದನ್ನು ಜೀವನದುದ್ದಕ್ಕೂ ಇಷ್ಟಪಡದವರು. ಅಂಥವರು ಆ ದಿನ, ಸಂವಿಧಾನಬದ್ಧ ಮಾರ್ಗಗಳಿಗೆ ಇಂದು ವಿದಾಯ ಹೇಳುತ್ತಿದ್ದೇವೆ ಎಂದು ಸಾರಿದರು. ಬ್ರಿಟಿಷರ ಕೈಯಲ್ಲೂ ಕಾಂಗ್ರೆಸ್ಸಿನ ಕೈಯಲ್ಲೂ ಇಷ್ಟು ದಿನ ಪಿಸ್ತೂಲು ಇತ್ತು, ಈಗ ನಾವೂ ಒಂದು ಪಿಸ್ತೂಲು ಮಾಡಿಕೊಂಡಿದ್ದೇವೆ ಎಂಬರ್ಥದ ಉಪಮೆಯನ್ನೂ ಬಳಸಿದರು. ಈ ಕಾರ್ಯಾಚರಣೆ ಹಿಂಸೆಯದೋ ಅಹಿಂಸೆಯದೋ ಎಂದು ಪತ್ರಕರ್ತರು ಕೇಳಿದಾಗ, ನೀತಿಶಾಸ್ತ್ರದ ಚರ್ಚೆಗೆ ತಾವು ಸಿದ್ಧರಿಲ್ಲವೆಂದರು.

ಒಂದು ಕ್ಷಣ ಇಲ್ಲಿ ನಿಲ್ಲಿ. ಆ ಪ್ರಶ್ನೆಗೆ “ಅಹಿಂಸೆ” ಎಂಬ ಒಂದೇ ಪದದ ಉತ್ತರ ಸಾಕಾಗಿತ್ತು. ನೆಹರೂ ಅವರದು ಆಡಬಾರದಾಗಿದ್ದ ಮಾತಾದರೆ, ಜಿನ್ನಾ ಅವರದು ಆಡಲೇಬೇಕಾಗಿದ್ದು ಆಡದೆ ಉಳಿದ ಮಾತು. ಪಿಸ್ತೂಲು ಎಂಬುದು ವಕೀಲರ ಬಾಯಲ್ಲಿ ಅಲಂಕಾರವಾಗಿರಬಹುದು. ಕೆಳಗಿನ ಕಾರ್ಯಕರ್ತನ ಕಿವಿಯಲ್ಲಿ ಅದು ಅಲಂಕಾರವಾಗಿ ಉಳಿಯುವುದಿಲ್ಲ. ಬಂಗಾಳದ ಲೀಗ್ ನಾಯಕ ಖ್ವಾಜಾ ನಾಜಿಮುದ್ದೀನರಂತೂ, ತೊಂದರೆ ಕೊಡಲು ನಮಗೆ ನೂರೊಂದು ದಾರಿಗಳಿವೆ, ನಮಗೆ ಅಹಿಂಸೆಯ ಕಟ್ಟುಪಾಡಿಲ್ಲ ಎಂದು ಬಹಿರಂಗವಾಗಿಯೇ ಹೇಳಿದರು.

ಕಾಂಗ್ರೆಸ್ ಕಾರ್ಯಕಾರಿ ಸಮಿತಿ ಆಗಸ್ಟ್ ಎರಡನೆಯ ವಾರದಲ್ಲಿ ವಾರ್ಧಾದಲ್ಲಿ ಸೇರಿ, ಯೋಜನೆಯನ್ನು ತಾನು ಸಮಗ್ರವಾಗಿ ಒಪ್ಪಿರುವುದಾಗಿ ನಿರ್ಣಯ ಮಾಡಿ ತೇಪೆ ಹಚ್ಚಲು ನೋಡಿತು. ಜಿನ್ನಾ ನಂಬಲಿಲ್ಲ. ಆಗಸ್ಟ್ 15ರಂದು ನೆಹರೂ ಮುಂಬಯಿಯಲ್ಲಿ ಜಿನ್ನಾ ಅವರ ಮನೆಗೇ ಹೋಗಿ ಮಾತನಾಡಿದರು. ಫಲ ದೊರೆಯಲಿಲ್ಲ. ಸರಿಯಾಗಿ ಒಂದು ವರ್ಷದ ನಂತರ ಅದೇ ತಾರೀಖು ನಮ್ಮ ಸ್ವಾತಂತ್ರ್ಯ ದಿನವಾಯಿತು. ಆದರೆ 1946ರಲ್ಲಿ ಅದರ ಮರುದಿನವೇ ನೇರ ಕಾರ್ಯಾಚರಣೆಯ ದಿನ.

ಮೂರನೆಯ ಮಾತು ಕಲ್ಕತ್ತೆಯದು. ಆಗಸ್ಟ್ 16, ಶುಕ್ರವಾರ, ರಂಜಾನ್ ಮಾಸ. ಬಂಗಾಳದಲ್ಲಿ ಲೀಗಿನ ಸರ್ಕಾರವಿತ್ತು. ಹುಸೇನ್ ಶಹೀದ್ ಸುಹ್ರವರ್ದಿ ಅದರ ಮುಖ್ಯಸ್ಥರು. ಆ ದಿನವನ್ನು ಅವರ ಸರ್ಕಾರ ಸಾರ್ವಜನಿಕ ರಜೆಯೆಂದು ಸಾರಿತು. ಕಾಂಗ್ರೆಸ್ಸಿನವರು ಅಂಗಡಿ ಮುಚ್ಚಬೇಡಿರೆಂದರು. ಹೀಗೆ ಬಲವಂತದ ಬಂದ್ ಒಂದು ಕಡೆ, ಹಠದ ವ್ಯಾಪಾರ ಇನ್ನೊಂದು ಕಡೆ. ಬೆಳಗಿನಿಂದಲೇ ಕಲ್ಲುತೂರಾಟ ಆರಂಭವಾಯಿತು. ಮಧ್ಯಾಹ್ನ ಅಕ್ಟರ್ಲೋನಿ ಸ್ಮಾರಕದ ಬಳಿ (ಇಂದಿನ ಶಹೀದ್ ಮಿನಾರ್) ಭಾರಿ ಜನಸ್ತೋಮ ಸೇರಿತು. ಸುಹ್ರವರ್ದಿಯವರ ಭಾಷಣದ ಪೂರ್ಣ ಪಠ್ಯ ಉಳಿದುಬಂದಿಲ್ಲ. ಆದರೆ ಪೊಲೀಸರೂ ಸೈನ್ಯವೂ ಅಡ್ಡ ಬರುವುದಿಲ್ಲ ಎಂಬರ್ಥದ ಮಾತನ್ನು ಅವರು ಆಡಿದರೆಂದು ಅಲ್ಲಿದ್ದವರ ವರದಿಗಳು ಹೇಳುತ್ತವೆ. ಅವರು ಅದನ್ನು ಯಾವ ಉದ್ದೇಶದಿಂದ ಹೇಳಿದರೆಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಕೇಳಿದವರಲ್ಲಿ ಹಲವರು ಅದನ್ನು ಪರವಾನಗಿಯೆಂದೇ ತಿಳಿದರು. ಸಭೆ ಚದುರಿದೊಡನೆ ಲೂಟಿ, ಕೊಲೆ, ಬೆಂಕಿ.

ಮೂರು ನಾಲ್ಕು ದಿನಗಳಲ್ಲಿ ಸತ್ತವರ ಸಂಖ್ಯೆ 4,000ಕ್ಕಿಂತ ಕಡಿಮೆಯಿಲ್ಲವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಇನ್ನೂ ಹೆಚ್ಚೆನ್ನುವವರೂ ಉಂಟು. ಒಂದು ಲಕ್ಷಕ್ಕೂ ಮಿಕ್ಕಿ ಜನ ಮನೆ ಕಳೆದುಕೊಂಡರು. ಮೊದಲ ದಿನದ ಬಳಿಕ ಹಿಂದೂಗಳೂ ಸಿಖ್ಖರೂ ತಿರುಗಿಬಿದ್ದರು. ಮುಸ್ಲಿಮರೂ ದೊಡ್ಡ ಸಂಖ್ಯೆಯಲ್ಲಿ ಸತ್ತರು. ಎರಡೂ ಕಡೆ ಹೆಚ್ಚಾಗಿ ಬಲಿಯಾದವರು ಕೂಲಿಗಳು, ಗಾಡಿ ಎಳೆಯುವವರು, ಕೊಳೆಗೇರಿಯವರು. ಗುಂಪು ಕಡ್ಡಾಯವೋ ಐಚ್ಛಿಕವೋ ಎಂಬುದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ಹೆಣಗಳ ಮೇಲೆ ಕುಳಿತ ರಣಹದ್ದುಗಳ ಚಿತ್ರವನ್ನು ಅಮೆರಿಕದ ಛಾಯಾಗ್ರಾಹಕಿ ಮಾರ್ಗರೆಟ್ ಬರ್ಕ್ ವೈಟ್ ತೆಗೆದಿದ್ದಾರೆ. ಒಮ್ಮೆ ನೋಡಿದವರು ಅದನ್ನು ಮರೆಯಲಾರರು.

ಕಲ್ಕತ್ತೆಯ ಸೇಡು ಅಕ್ಟೋಬರಿನಲ್ಲಿ ನೌಖಾಲಿಯಲ್ಲಿ ಹಿಂದೂಗಳ ಮೇಲೆ ತೀರಿತು. ನೌಖಾಲಿಯ ಸೇಡು ಬಿಹಾರದಲ್ಲಿ ಮುಸ್ಲಿಮರ ಮೇಲೆ ತೀರಿತು. ಮುಂದಿನ ಮಾರ್ಚಿನಲ್ಲಿ ಅದು ರಾವಲ್ಪಿಂಡಿಯನ್ನು ಮುಟ್ಟಿತು. 1947ರ ಜೂನ್ 3ರಂದು ವಿಭಜನೆಯ ಯೋಜನೆ ಪ್ರಕಟವಾಗುವಷ್ಟರಲ್ಲಿ, ಒಟ್ಟಿಗೆ ಬಾಳುವುದು ಸಾಧ್ಯವೆಂದು ವಾದಿಸುವ ಧೈರ್ಯ ಬಹಳ ಜನ ನಾಯಕರಲ್ಲಿ ಉಳಿದಿರಲಿಲ್ಲ.

ಜುಲೈ 10ರಿಂದ ಆಗಸ್ಟ್ 16ಕ್ಕೆ ಎಣಿಸಿದರೆ ಮೂವತ್ತೇಳು ದಿನ. ಈಗ ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ಒಂದು ಮಾತಿಗೆ ಅಷ್ಟು ಜನ ಸತ್ತರೇ? ಇಲ್ಲ. ಪತ್ರಿಕಾಗೋಷ್ಠಿ ನಡೆಯದೆ ಇದ್ದಿದ್ದರೂ ಗುಂಪಿನ ವಿವಾದ ಸಂವಿಧಾನ ಸಭೆಯ ಬಾಗಿಲಲ್ಲಿ ಎದ್ದೇ ಏಳುತ್ತಿತ್ತು. ಜಿನ್ನಾ ಅವರಿಗೆ ಹಿಂದೆ ಸರಿಯಲು ಒಂದು ನೆಪ ಬೇಕಾಗಿತ್ತು, ನೆಹರೂ ಅದನ್ನು ತಟ್ಟೆಯಲ್ಲಿಟ್ಟು ಕೊಟ್ಟರು ಎನ್ನುವ ಇತಿಹಾಸಕಾರರೂ ಇದ್ದಾರೆ. ಯೋಜನೆ ಹಾಗೆಯೇ ಉಳಿದಿದ್ದರೂ ಅಷ್ಟು ಬಲಹೀನವಾದ ಕೇಂದ್ರ ಸರ್ಕಾರ ಎಷ್ಟು ವರ್ಷ ಬಾಳುತ್ತಿತ್ತೋ ಹೇಳಲಾಗದು. ಆದ್ದರಿಂದ “ದೇಶ ಒಡೆಯುತ್ತಿರಲಿಲ್ಲ” ಎಂದು ನಾನು ಹೇಳಿದ್ದು ಇತಿಹಾಸವಲ್ಲ, ಊಹೆ. ಊಹೆಯನ್ನು ಇತಿಹಾಸವೆಂದು ಹೇಳಿಕೊಟ್ಟದ್ದಕ್ಕೆ ಕ್ಷಮೆಯಿರಲಿ.

ಕೊಂದವರದ್ದು ತಪ್ಪಿಲ್ಲವೇ? ಖಂಡಿತವಾಗಿ ಇದೆ. ಚೂರಿ ಹಿಡಿದ ಕೈಯ ಪಾಪವನ್ನು ಯಾವ ಭಾಷಣದ ತಲೆಗೂ ಕಟ್ಟಲಾಗದು. ಆದರೆ ಹಾಗೆಂದು ಮಾತಾಡಿದವರು ಕೈ ತೊಳೆದುಕೊಳ್ಳುವಂತಿಲ್ಲ. “ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು” ಎಂಬ ಗಾದೆಯನ್ನು ನಮ್ಮ ಅಜ್ಜಿ ಅಡುಗೆಮನೆಯಲ್ಲಿ ಹೇಳುತ್ತಿದ್ದರು. ಒಲೆಯಲ್ಲಿ ಬೆಂಕಿಯಿರುವುದು ತೂತಿನ ತಪ್ಪಲ್ಲ. ಆದರೆ ಅನ್ನ ಬೇಯಿಸಬೇಕಾದ ಬೆಂಕಿ ಹೊರಗೆ ಚಾಚಿ ಸೂರನ್ನು ಸುಡುವುದು ಆ ತೂತಿನಿಂದಲೇ. ಬೆಂಕಿ ಇದೆಯೆಂದು ಗೊತ್ತಿದ್ದವನ ಹೊಣೆ ಗೊತ್ತಿಲ್ಲದವನದಕ್ಕಿಂತ ಹೆಚ್ಚು. ಆ ಮೂವರಿಗೂ ಬೆಂಕಿ ಇರುವುದು ಗೊತ್ತಿತ್ತು. ಮೂವರ ಹೊಣೆಯೂ ಸಮವೆಂದು ನಾನು ಹೇಳಲಾರೆ. ಅವಸರದ ಮಾತು ಬೇರೆ, ಬೆದರಿಕೆಯ ಮಾತು ಬೇರೆ, ಅಧಿಕಾರದಲ್ಲಿರುವವನೇ ಗುಂಪಿಗೆ ಅಭಯ ಕೊಟ್ಟಂತೆ ಕೇಳುವ ಮಾತು ಬೇರೆ. ಮೂರನೆಯದು ಅತ್ಯಂತ ಭಯಂಕರ.

ಈ ಕಥೆಗೆ ಇನ್ನೊಂದು ಪುಟವಿದೆ. ಅದನ್ನೂ ನಾನು ತರಗತಿಯಲ್ಲಿ ಹೇಳಿರಲಿಲ್ಲ. 1947ರ ಆಗಸ್ಟಿನಲ್ಲಿ ಕಲ್ಕತ್ತೆ ಮತ್ತೆ ಉರಿಯುವ ಸ್ಥಿತಿಗೆ ಬಂದಾಗ ಗಾಂಧೀಜಿ ಅಲ್ಲಿಗೆ ಬಂದರು. ಬೇಲಿಯಾಘಾಟದ ಹೈದರಿ ಮಂಜಿಲ್ ಎಂಬ ಪಾಳುಬಿದ್ದ ಮನೆಯಲ್ಲಿ ಸುಹ್ರವರ್ದಿಯವರನ್ನು ಜೊತೆಗಿರಿಸಿಕೊಂಡು ವಾಸಕ್ಕೆ ನಿಂತರು. ಸ್ವಾತಂತ್ರ್ಯದ ಹಿಂದಿನ ರಾತ್ರಿ ಸಿಟ್ಟಿಗೆದ್ದ ಯುವಕರ ಗುಂಪು ಮನೆಯನ್ನು ಸುತ್ತುವರಿಯಿತು. ಗಾಂಧೀಜಿ ಸುಹ್ರವರ್ದಿಯವರನ್ನು ಕಿಟಕಿಯ ಬಳಿ ಕರೆದು ಅವರ ಹೆಗಲ ಮೇಲೆ ಕೈಯಿಟ್ಟು ನಿಂತರು. ಕಳೆದ ವರ್ಷದ ಹತ್ಯಾಕಾಂಡಕ್ಕೆ ನೀವು ಹೊಣೆಯಲ್ಲವೇ ಎಂದು ಗುಂಪಿನಿಂದ ಕೂಗು ಬಂತು. ನಾವೆಲ್ಲರೂ ಹೊಣೆ ಎಂದರು ಸುಹ್ರವರ್ದಿ. ನೇರ ಉತ್ತರ ಕೊಡಿ ಎಂದು ಗುಂಪು ಪಟ್ಟುಹಿಡಿಯಿತು. ಆಗ ಅವರು, ಹೌದು, ಅದು ನನ್ನ ಹೊಣೆ ಎಂದು ಒಪ್ಪಿಕೊಂಡರು. ಗುಂಪಿನ ಕೋಪ ಇಳಿಯಿತು. ಮರುದಿನ ಕಲ್ಕತ್ತೆಯ ಬೀದಿಗಳಲ್ಲಿ ಹಿಂದೂ ಮುಸ್ಲಿಮರು ಜೊತೆಯಾಗಿ ಸ್ವಾತಂತ್ರ್ಯ ಆಚರಿಸಿದರು. ತಿಂಗಳ ಕೊನೆಗೆ ಗಲಭೆ ಮರುಕಳಿಸಿದಾಗ ಗಾಂಧೀಜಿ ಸೆಪ್ಟೆಂಬರ್ 1ರಿಂದ ಉಪವಾಸ ಕುಳಿತು, ಎಲ್ಲ ಪಕ್ಷಗಳ ನಾಯಕರು ಶಾಂತಿ ಕಾಪಾಡುವುದಾಗಿ ಬರೆದುಕೊಟ್ಟ ಮೇಲೆ 4ರಂದು ಮುಗಿಸಿದರು. ಪಂಜಾಬಿನಲ್ಲಿ ಐವತ್ತೈದು ಸಾವಿರ ಸೈನಿಕರಿಂದ ಆಗದ್ದು ಬಂಗಾಳದಲ್ಲಿ ಒಬ್ಬರಿಂದ ಆಯಿತೆಂಬ ಭಾವದಲ್ಲಿ ಮೌಂಟ್‌ಬ್ಯಾಟನ್ ಅವರು ಗಾಂಧೀಜಿಗೆ ಪತ್ರ ಬರೆದದ್ದು ಈ ದಿನಗಳಲ್ಲಿಯೇ.

ಮೈದಾನದಲ್ಲಿ ಲಕ್ಷಾಂತರ ಜನರೆದುರು ಆಡಿದ ಮಾತು ಒಂದು ನಗರವನ್ನು ಸುಟ್ಟಿತು. ಕಿಟಕಿಯಲ್ಲಿ ನಿಂತು ಆಡಿದ ಎರಡು ಪದ ಅದೇ ನಗರವನ್ನು ಒಂದು ರಾತ್ರಿಯ ಮಟ್ಟಿಗಾದರೂ ತಣಿಸಿತು. ಆಡಿದವರು ಒಬ್ಬರೇ. ಸತ್ತವರು ಮಾತ್ರ ಮರಳಲಿಲ್ಲ.

ಇಂದಿನ ನಾಯಕರ ಮಾತುಗಳನ್ನು ನೀವೆಲ್ಲ ದಿನವೂ ಕೇಳುತ್ತೀರಿ, ನಾನು ಉದಾಹರಣೆ ಕೊಡಬೇಕಾಗಿಲ್ಲ. ಯಾವ ಪಕ್ಷದವರೇ ಇರಲಿ, ಮಾತು ಮುಗಿದೊಡನೆ ಚಪ್ಪಾಳೆ ತಟ್ಟುವ ಮೊದಲು, ಇದು ಪಕ್ಕದ ಮನೆಯವನ ಕಿವಿಗೆ ಹೇಗೆ ಕೇಳಿಸೀತು ಎಂದು ಒಂದು ಗಳಿಗೆ ಯೋಚಿಸಿ. ಆ ಹುಡುಗಿ ಈಗ ಎಲ್ಲಿದ್ದಾಳೋ ತಿಳಿಯದು. ಅವಳ ಮಕ್ಕಳೇ ಹತ್ತನೆಯ ತರಗತಿಗೆ ಬಂದಿರಬಹುದು. ಅವಳ ಸಹಪಾಠಿಗಳು ಯಾರಾದರೂ ಇದನ್ನು ಓದಿದರೆ ಅವಳಿಗೆ ತಲುಪಿಸಿ. ಸಾರ್ ಉತ್ತರ ಬರೆದಿದ್ದಾರೆ, ತಡವಾಯಿತು ಎಂದು ತಿಳಿಸಿ.